ಮಾರ್ಚ್ ಹದಿನೆಂಟರ ನಾಲ್ಕನೆಯ ಘಟನೆ

ಪತ್ರಿಕೆಯ ಆರನೆಯ ಪುಟದಲ್ಲಿ ಹವಾಮಾನಕ್ಕೂ ಪದಬಂಧಕ್ಕೂ ನಡುವೆ ಒಂದು ಗೇಣು ಜಾಗವಿದೆ. ಇತಿಹಾಸದ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದ ಹೆಂಗಸೊಬ್ಬಳು ತನ್ನ ಬದುಕಿನ ಮೂವತ್ತೊಂದು ವರ್ಷವನ್ನು ಆ ಗೇಣು ಜಾಗಕ್ಕೆ ಮುಡಿಪಾಗಿಟ್ಟಳು. ‘ಮುಡಿಪಾಗಿಟ್ಟಳು’ ಎಂದದ್ದು ಸನ್ಮಾನ ಸಭೆಯೊಂದರ ಭಾಷಣಕಾರ. ಅವಳನ್ನೇ ಕೇಳಿದರೆ, “ಜನ ಮಳೆ ಬರತ್ತೋ ಇಲ್ವೋ ನೋಡಿ ಪದಬಂಧಕ್ಕೆ ಇಳೀತಾರಲ್ಲ, ಆ ದಾರೀಲಿ ನನ್ನನ್ನ ತುಳ್ಕೊಂಡು ಹೋಗ್ತಾರೆ” ಎನ್ನುತ್ತಿದ್ದಳು.

ಅಂಕಣದ ಹೆಸರು ‘ಈ ದಿನ, ಆ ವರ್ಷ’. ದಿನಕ್ಕೆ ನಾಲ್ಕು ಘಟನೆ, ಒಟ್ಟು ಹದಿನಾರು ಸಾಲು. ಬೇರೆ ಬೇರೆ ದಶಕಗಳಲ್ಲಿ ನಡೆದ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ನಾಲ್ಕು ಸಂಗತಿಗಳು ತಾರೀಕು ಒಂದೇ ಎಂಬ ಒಂದೇ ಕಾರಣಕ್ಕೆ ಅಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂರುತ್ತಿದ್ದವು, ಬಸ್ ನಿಲ್ದಾಣದ ಬೆಂಚಿನ ಮೇಲೆ ಅಪರಿಚಿತರು ಕೂರುವ ಹಾಗೆ. ಕಚೇರಿಯಲ್ಲಿ ಅವಳೆದುರು ಎಲ್ಲರೂ ‘ಮೇಡಂ’ ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳು ತಾರೀಕಮ್ಮ. ಆ ಹೆಸರು ತನ್ನ ಕಿವಿಗೆ ಬಿದ್ದ ದಿನ ಅವಳು ಅದನ್ನು ಡೈರಿಯಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಂಡಳು. ಹೆಸರು ಸರಿಯಾಗಿಯೇ ಇದೆ ಎಂದು ಆಗಲೇ ಅನ್ನಿಸಿತು.

ಅವಳ ಆಸ್ತಿಯೆಂದರೆ ಮುಚ್ಚಿಹೋದ ಗ್ರಂಥಾಲಯವೊಂದರಿಂದ ತಂದ ಮರದ ಬೀರು. ತಿಂಗಳಿಗೊಂದರಂತೆ ಹನ್ನೆರಡು ಡ್ರಾಯರು, ಒಳಗೆ ದಿನಕ್ಕೊಂದು ಖಾನೆ. ಫೆಬ್ರುವರಿ ಇಪ್ಪತ್ತೊಂಬತ್ತೂ ಸೇರಿ ಮುನ್ನೂರ ಅರವತ್ತಾರು. ಒಂದೊಂದು ಘಟನೆಗೆ ಒಂದೊಂದು ಕಾರ್ಡು; ಕಾರ್ಡಿನ ಬಲಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಆಧಾರ. “ಒಂದು ಆಧಾರ ಗಾಳಿಮಾತು, ಎರಡು ಆಧಾರ ಇತಿಹಾಸ” ಎಂದು ಹೊಸದಾಗಿ ಬಂದ ವರದಿಗಾರರಿಗೆಲ್ಲ ಅವಳು ಪಾಠ ಹೇಳುತ್ತಿದ್ದಳು. ಒಮ್ಮೆ ನಿವೃತ್ತ ಪ್ರಾಧ್ಯಾಪಕರೊಬ್ಬರ ಲೇಖನವನ್ನು ಎರಡನೆಯ ಆಧಾರವಿಲ್ಲವೆಂದು ವಾಪಸು ಕಳಿಸಿದ್ದಳು. ಅವರು ಅವಳಿಗೇ ಪಾಠ ಹೇಳಿದ ಗುರುಗಳು. ಆಮೇಲೆ ಅವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಅದನ್ನೂ ಅವಳು ಬಹಳ ಕಾಲ ಒಂದು ಪ್ರಶಸ್ತಿಯಂತೆ ಎದೆಗೆ ಚುಚ್ಚಿಕೊಂಡು ಓಡಾಡಿದಳು.

ತನ್ನ ಬೀರುವಿನಲ್ಲಿ ಸುಳ್ಳಿಗೆ ಜಾಗವಿಲ್ಲ ಎಂಬ ಈ ಹೆಮ್ಮೆ ಒಂದನ್ನು ಬಿಟ್ಟರೆ ಅವಳ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ಮದುವೆಯಾಗಲಿಲ್ಲ. ಶುರು ಮಾಡಿದ ಸಂಶೋಧನಾ ಪ್ರಬಂಧ ಮೂರನೆಯ ಅಧ್ಯಾಯದಲ್ಲಿ ಕೂತಿದ್ದು ಮತ್ತೆ ಏಳಲಿಲ್ಲ. ಮನೆಯಲ್ಲಿ ಎಂಬತ್ತೊಂಬತ್ತು ವರ್ಷದ ತಾಯಿ ಇದ್ದಳು. ಅವಳು ಪತ್ರಿಕೆ ಬಂದ ಕೂಡಲೇ ಪದಬಂಧ ತುಂಬುತ್ತಿದ್ದಳೇ ಹೊರತು ಮಗಳ ಅಂಕಣವನ್ನು ಒಂದು ದಿನವೂ ಓದಿದವಳಲ್ಲ.

“ನಿಂದು ಮೇಲಿದೆ, ನನ್ನ ಕನ್ನಡಕ ಕೆಳಗಿಂದನ್ನ ಮಾತ್ರ ತೋರಿಸತ್ತೆ” ಎನ್ನುವಳು ತಾಯಿ.

ಹೀಗಿರುವಾಗ ಫೆಬ್ರುವರಿ ಕೊನೆಯ ವಾರದ ಒಂದು ಮಧ್ಯಾಹ್ನ ಕಚೇರಿಗೆ ಸೈಕಲ್ ಅಂಗಡಿಯವಳು ಬಂದಳು. ನಲವತ್ತೆರಡರ ಸುಮಾರಿನ ಗಟ್ಟಿ ಹೆಂಗಸು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಚೈನಿನ ಎಣ್ಣೆ. ಕಂಕುಳಲ್ಲಿ ಒಂದು ರಟ್ಟಿನ ಕಡತ.

“ನೀವೇನಾ ಮೇಡಂ ಇದನ್ನ ಬರೆಯೋರು? ನಾನು ಇಷ್ಟು ದಿನ ಯಾರೋ ಗಂಡಸು ಅಂದ್ಕೊಂಡಿದ್ದೆ.”

“ಯಾಕಮ್ಮ?”

“ಅಷ್ಟು ಖಾತ್ರಿಯಾಗಿ ಬರೀತೀರಲ್ಲ, ಅದಕ್ಕೆ.”

ಕಡತದಲ್ಲಿ ಪ್ರತಿವರ್ಷದ ಮಾರ್ಚ್ ಹದಿನೆಂಟರ ಅಂಕಣಗಳನ್ನು ಕತ್ತರಿಸಿ ಅಂಟಿಸಿತ್ತು. ಮೊದಲ ಮೂರು ಘಟನೆ ಎಲ್ಲ ವರ್ಷವೂ ಅವೇ. 1871ರಲ್ಲಿ ಪ್ಯಾರಿಸ್ ನಗರದ ಜನ ದಂಗೆ ಎದ್ದರು. 1965ರಲ್ಲಿ ಮನುಷ್ಯನೊಬ್ಬ ಮೊದಲ ಬಾರಿಗೆ ಗಗನನೌಕೆಯಿಂದ ಹೊರಬಂದು ಹನ್ನೆರಡು ನಿಮಿಷ ಬಾಹ್ಯಾಕಾಶದಲ್ಲಿ ತೇಲಿದ. 1990ರಲ್ಲಿ ಪೊಲೀಸರ ವೇಷದ ಕಳ್ಳರು ವಸ್ತುಸಂಗ್ರಹಾಲಯವೊಂದರಿಂದ ಹದಿಮೂರು ಕಲಾಕೃತಿಗಳನ್ನು ಕದ್ದರು. ಖಾಲಿ ಚೌಕಟ್ಟುಗಳು ಅಲ್ಲಿ ಇನ್ನೂ ಹಾಗೇ ತೂಗಾಡುತ್ತಿವೆ. ನಾಲ್ಕನೆಯದರ ಕೆಳಗೆ ಪ್ರತಿವರ್ಷವೂ ಪೆನ್ಸಿಲ್ಲಿನಿಂದ ಗೆರೆ ಎಳೆದಿತ್ತು. ‘1952: ನಮ್ಮ ಊರಿನ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಮಹಿಳೆಯೊಬ್ಬರು ಮೊದಲ ಬಾರಿಗೆ ಸೈಕಲ್ ಓಡಿಸಿದರು.’

“ಇದು ಮೊದಲ ಸಲ ಬಂದಾಗ ನನಗೆ ಹನ್ನೆರಡು ವರ್ಷ” ಎಂದಳು ಅಂಗಡಿಯವಳು. “ನಮ್ಮಪ್ಪ ಸ್ಪ್ಯಾನರ್ ಮುಟ್ಟಕ್ಕೆ ಬಿಡ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಸೈಕಲ್ಲಿಗೂ ಏನು ಸಂಬಂಧ ಅಂತ. ಪೇಪರ್ ತಗೊಂಡು ಹೋಗಿ ಮುಖಕ್ಕೆ ಹಿಡಿದೆ. ಅಚ್ಚಾದದ್ದನ್ನ ನಮ್ಮಪ್ಪ ನಂಬೋರು. ಈ ಸಲಕ್ಕೆ ಎಪ್ಪತ್ತು ವರ್ಷ ಆಗತ್ತಲ್ಲ, ಇಳಿಜಾರಲ್ಲಿ ಒಂದು ಕಲ್ಲು ನಿಲ್ಲಿಸ್ತಿದ್ದೀವಿ. ಕೆತ್ತಿಸಿದ್ದೂ ಆಯ್ತು. ಪುರಸಭೆಯವರು ಆಧಾರ ಒಂದು ಕೊಡಿ ಅಂತಾರೆ, ಅಷ್ಟೆ. ಆಮೇಲೆ ಆಕೆ ಯಾರು ಅಂತಲೂ ಗೊತ್ತಾದ್ರೆ ಚೆನ್ನಾಗಿತ್ತು.”

“ಒಂದಲ್ಲ, ಎರಡು ಆಧಾರ ಕೊಡ್ತೀನಿ” ಎಂದು ತಾರೀಕಮ್ಮ ಎದೆಯುಬ್ಬಿಸಿ ಎದ್ದಳು. ಮಾರ್ಚಿನ ಡ್ರಾಯರು ಎಳೆದು ಕಾರ್ಡು ತೆಗೆದಳು. ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು. ಅಕ್ಷರ ಅವಳದೇ. ಆಧಾರ ಒಂದು: ‘ಪ್ರತ್ಯಕ್ಷದರ್ಶಿ.’ ಆಧಾರ ಎರಡು: ‘ನಮ್ಮ ಪತ್ರಿಕೆ, 18-3-1992, ಪುಟ 6.’

ಅಂದರೆ, ಅವಳು ಬರೆದದ್ದಕ್ಕೆ ಅವಳು ಬರೆದದ್ದೇ ಸಾಕ್ಷಿ. ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗಿ ಹಿಡಿದುಬಿಟ್ಟಿತ್ತು, ಅದೂ ಕೆಂಪು ಶಾಯಿಯಲ್ಲಿ.

“ನಾಳೆ ಹೇಳ್ತೀನಮ್ಮ” ಎಂದು ಅವಳನ್ನು ಕಳಿಸಿ ತಾರೀಕಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಕೂತಳು. ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೀರುವಿನಲ್ಲಿ ಕೆಲವು ದಿನಗಳ ಹೊಟ್ಟೆ ಆಗಲೇ ತುಂಬಿತ್ತು: ಜುಲೈ ಇಪ್ಪತ್ತಕ್ಕೆ ಚಂದ್ರನ ಮೇಲೆ ಇಳಿದದ್ದು, ಏಪ್ರಿಲ್ ಹದಿನೈದಕ್ಕೆ ಮುಳುಗಲಾರದ ಹಡಗು ಮುಳುಗಿದ್ದು. ಮಾರ್ಚ್ ಹದಿನೆಂಟರ ಖಾನೆಯಲ್ಲಿ ಮಾತ್ರ ಮೂರೇ ಕಾರ್ಡು. ಹಿಂದಿನ ದಿನ ಸಂಜೆ ಐದಾಗಿತ್ತು; ಪುಟ ಕಟ್ಟುವವನು “ನಾಲ್ಕು ಸಾಲು ಕಮ್ಮಿ, ಬೇಗ” ಎಂದು ಕೂಗುತ್ತಿದ್ದ. ಅಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ತಾಯಿ ಹಳೆಯ ಕತೆಯೊಂದನ್ನು ತೆಗೆದಿದ್ದಳು: ಹತ್ತೊಂಬತ್ತರ ವಯಸ್ಸಿನಲ್ಲಿ ಅಣ್ಣನ ಸೈಕಲ್ ಕದ್ದು ಟ್ಯಾಂಕಿನ ಇಳಿಜಾರಿನಲ್ಲಿ ಬಿಟ್ಟದ್ದು. ಮಗಳು ಅದಕ್ಕೆ ‘ಮೊದಲ’ ಎಂಬ ಪದವನ್ನೂ ‘ಮಾರ್ಚ್ ಹದಿನೆಂಟು’ ಎಂಬ ತಾರೀಕನ್ನೂ ತಾನೇ ಸೇರಿಸಿ, ಹೆಸರು ಬಿಟ್ಟು, ನಾಲ್ಕು ಸಾಲು ತುಂಬಿಸಿ ಕೊಟ್ಟಳು. ಮರುವರ್ಷ ಅದೇ ಕಾರ್ಡಿಗೆ ಎರಡನೆಯ ಆಧಾರ ಹಾಕಿದಳು. ಮೂರನೆಯ ವರ್ಷದ ಹೊತ್ತಿಗೆ ತಾನೇ ಅದನ್ನು ನಂಬಿಬಿಟ್ಟಿದ್ದಳು.

ಅಂದಿನ ಪುಟ ಕಟ್ಟುವವನೇ ಇಂದೂ ಪುಟ ಕಟ್ಟುತ್ತಿದ್ದ. ಅವನಿಗೆ ವಿಷಯ ಹೇಳಿದಳು.

“ಮೂವತ್ತು ವರ್ಷ ಯಾರೂ ಕೇಳಲಿಲ್ಲ, ಈಗ ನೀವಾಗಿ ಯಾಕೆ ಹೇಳ್ಕೊಳ್ತೀರಿ?” ಎಂದ ಅವನು. “ಯಾರೋ ಒಬ್ಬಳು ಓಡಿಸಿರ್ತಾಳೆ ಬಿಡಿ, ಮೇಡಂ. ಕಲ್ಲಿಗೇನು ಗೊತ್ತಾಗತ್ತೆ?”

“ನಮ್ಮ ಗುರುಗಳು ಇದ್ದಿದ್ರೆ ಇದನ್ನೇ ಹೇಳ್ತಿದ್ರು. ಇಂಥ ಮಾತಿಗೇ ಅವರ ಲೇಖನ ನಾನು ವಾಪಸ್ ಕಳಿಸಿದ್ದೆ.”

“ಆಗ ನಾಲ್ಕು ಸಾಲು ಬೇಗ ಕೊಡಿ ಅಂತ ಕೂಗಿದ್ದು ನಾನು. ತಪ್ಪಲ್ಲಿ ನಂದೂ ಅರ್ಧ ಪಾಲು ಬರ್ಕೊಳ್ಳಿ.”

“ನೀನು ಕೇಳಿದ್ದು ನಾಲ್ಕು ಸಾಲು. ಸುಳ್ಳು ನಾನೇ ಸೇರಿಸಿದ್ದು. ಪಾಲು ಗೀಲು ಏನೂ ಇಲ್ಲ, ಹೋಗು.”

ಸಂಜೆ ಮನೆಗೆ ಬಂದಾಗ ತಾಯಿ ಕಿಟಕಿಯ ಬಳಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಾರೀಕಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಅಮ್ಮಾ, ನೀನು ಸೈಕಲ್ ಬಿಟ್ಟದ್ದು ಯಾವ ತಾರೀಕು?”

“ನಾನೆಲ್ಲಿ ಬಿಟ್ಟೆ? ಅದು ನನ್ನ ಬಿಡ್ತು. ನೇರ ಅಂಚೆ ಡಬ್ಬಿಗೆ ಹೋಗಿ ಗುದ್ದಿದೆ.”

“ಅದನ್ನ ಹೇಳಲೇ ಇಲ್ವಲ್ಲ ನೀನು!”

“ಹೇಳೋಕೆ ನೀನೆಲ್ಲಿ ನಿಂತೆ? ನಿನಗೆ ಯಾವಾಗಲೂ ಅರ್ಧ ಕತೆ ಸಾಕು. ಹೊತ್ತಾಯ್ತು, ಬಸ್ ಹೋಗತ್ತೆ ಅಂತ ಓಡ್ತಿದ್ದೆ. ಚಂದ್ರನ ಮೇಲೆ ಹೋದವನ ಕತೆ ಪೂರ್ತಿ ಬೇಕು ನಿನಗೆ, ಹೆತ್ತವಳದು ಬೇಡ.” ತಾಯಿ ದಿಂಬಿನ ಚೀಲವೊಂದನ್ನು ಕೊಡವಿ ಮಡಿಸಿದಳು. “ಮಂಡಿ ಒಡೆದು ರಕ್ತ ಸೋರ್ತಿತ್ತು. ಅಷ್ಟರಲ್ಲಿ ಹೆರಿಗೆ ಆಸ್ಪತ್ರೆ ನರ್ಸಮ್ಮ ಬಂದ್ಲು. ಸೈಕಲ್ ಗೋಡೆಗೆ ಒರಗಿಸಿ, ಪಟ್ಟಿ ಕಟ್ಟಿ, ಚೆನ್ನಾಗಿ ಬೈದು ಹೋದ್ಲು.”

“ನಿನ್ನ ಸೈಕಲ್ಲನ್ನ ಗೋಡೆಗೆ ಒರಗಿಸಿದ್ಲಾ?”

“ನಂದು ಡಬ್ಬಿಗೆ ಸುತ್ಕೊಂಡಿತ್ತಲ್ಲ. ತನ್ನ ಸೈಕಲ್ಲನ್ನ.”

ತಾರೀಕಮ್ಮ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತೇ ಇದ್ದಳು. “ಆಕೆ ಸೈಕಲ್ ಓಡಿಸ್ತಿದ್ಲಾ? ಯಾವಾಗಿಂದ?”

“ಯಾವಾಗಿಂದ ಅಂದ್ರೆ? ದಿನಾ. ನನ್ನ ತಮ್ಮ ಹುಟ್ಟೋವಾಗ ನಾನಿನ್ನೂ ಚಿಕ್ಕವಳು. ಆಗಲೂ ಅದರಲ್ಲೇ ಬಂದಿದ್ಲು. ಬೆಲ್ ಕೇಳಿದ್ರೆ ಬೀದೀಲಿ ಯಾರಿಗೋ ನೋವು ಶುರುವಾಯ್ತು ಅಂತ ಅರ್ಥ.”

“ಮತ್ತೆ ಊರಲ್ಲಿ ಅದರ ಬಗ್ಗೆ ಯಾರೂ ಮಾತೇ ಆಡಲಿಲ್ವಾ?”

“ಆಕೆ ಕೆಲಸಕ್ಕೆ ಹೋಗ್ತಿದ್ಲು ಕಣೇ. ಕೆಲಸಕ್ಕೆ ಹೋಗೋರ ಬಗ್ಗೆ ಏನು ಮಾತಾಡ್ತಾರೆ? ನಾನು ಬಿದ್ದೆ ನೋಡು, ಅದರ ಬಗ್ಗೆ ಮಾತಾಡಿದ್ರು. ಮೂರು ತಿಂಗಳು.”

ಮರುದಿನ ತಾರೀಕಮ್ಮ ಸೈಕಲ್ ಅಂಗಡಿಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಒಳ್ಳೆಯ ಒಂದು ಪೀಠಿಕೆ ಸಿದ್ಧಪಡಿಸಿಕೊಂಡಿದ್ದಳು. ಅದರಲ್ಲಿ ‘ಐತಿಹಾಸಿಕ ಮಾಹಿತಿಯ ಮಿತಿಗಳು’ ಎಂಬ ಪದಗಳಿದ್ದವು. ಅಂಗಡಿಯ ಬಾಗಿಲಲ್ಲಿ ತಲೆಕೆಳಗಾಗಿ ನಿಂತ ಸೈಕಲ್ಲಿನ ಚಕ್ರ ತಿರುಗಿಸುತ್ತ ಅಂಗಡಿಯವಳು ಕಡ್ಡಿಗಳನ್ನು ಬಿಗಿಮಾಡುತ್ತಿದ್ದಳು. ಅವಳ ಹಿಂದೆ ಗೋಡೆಗೆ ಒರಗಿಸಿದ ಬಿಳಿಯ ಕಲ್ಲು, ಅದರ ಮೇಲೆ ಆಳವಾಗಿ ಕೆತ್ತಿದ ‘ಮಾರ್ಚ್ 18, 1952’. ತಾನು ಸಂಜೆ ಐದು ಗಂಟೆಗೆ ಗೀಚಿದ ಸುಳ್ಳು ಉಳಿಯ ಏಟಿಗೂ ಜಗ್ಗದೆ ಕಲ್ಲಲ್ಲಿ ಕೂತದ್ದನ್ನು ನೋಡಿ ತಾರೀಕಮ್ಮನಿಗೆ ಪೀಠಿಕೆ ಮರೆತುಹೋಯಿತು.

“ಅದು ಸುಳ್ಳು. ಜಾಗ ತುಂಬಿಸಕ್ಕೆ ಬರೆದದ್ದು. ಬರೆದವಳು ನಾನೇ” ಎಂದಳು. ಮಿಕ್ಕದ್ದನ್ನೂ ಹೇಳಿದಳು: ತಾಯಿಯ ಅಂಚೆ ಡಬ್ಬಿ, ನರ್ಸಮ್ಮ, ಕೆಂಪು ಶಾಯಿ.

ಚಕ್ರ ತಿರುಗಿ ತಿರುಗಿ ತಾನಾಗಿ ನಿಂತಿತು.

“ಇದು ಸುಳ್ಳು ಅಂತ ಗೊತ್ತಿದ್ರೆ ನಮ್ಮಪ್ಪ ನನ್ನನ್ನ ಅಂಗಡಿಗೆ ಸೇರಿಸ್ತಿರಲಿಲ್ಲ” ಎಂದಳು ಅಂಗಡಿಯವಳು. ಮುಖ ಕೆಂಪಾಗಿತ್ತು. “ಸಾಯೋವರೆಗೂ ಬಂದೋರಿಗೆಲ್ಲ ಆ ಪೇಪರ್ ತೋರಿಸ್ತಿದ್ರು. ಈಗ ನಾನು ನಿಮಗೆ ಕೈ ಮುಗೀಬೇಕೋ, ಬೈಬೇಕೋ?”

“ಬೈಯಮ್ಮ. ಬೇರೆಯವರನ್ನ ಬೈದು ಅಭ್ಯಾಸ ನನಗೆ. ಬೈಸ್ಕೊಳ್ಳೋದೂ ಕಲೀಬೇಕು.”

ಅಂಗಡಿಯವಳು ಬೈದಳು. ಚೆನ್ನಾಗಿಯೇ ಬೈದಳು. ಓದಿದವರ ಸೋಮಾರಿತನ, ಪೇಪರಿನವರ ಪೊಗರು, ಕಲ್ಲು ಕೆತ್ತಿದವನಿಗೆ ಈಗ ಏನು ಹೇಳುವುದು, ಎಲ್ಲ ಅದರಲ್ಲಿ ಬಂತು. ತಾರೀಕಮ್ಮ ತರಗತಿಯ ಹೊರಗೆ ನಿಲ್ಲಿಸಿದ ವಿದ್ಯಾರ್ಥಿನಿಯಂತೆ ಕೇಳಿಸಿಕೊಂಡಳು. ಬೈಗುಳದಲ್ಲಿ ಒಂದೂ ತಪ್ಪು ಮಾಹಿತಿ ಇರಲಿಲ್ಲ. ಆಧಾರ ಕೇಳಲು ಎಲ್ಲೂ ಸಂದು ಸಿಗಲಿಲ್ಲ. ಕೊನೆಗೆ ಅಂಗಡಿಯವಳು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿ ಒಂದು ಸ್ಟೂಲು ಎಳೆದುಹಾಕಿದಳು.

“ಕೂತ್ಕೊಳ್ಳಿ. ಆ ನರ್ಸಮ್ಮಂದು ನಿಜಾನಾ?”

“ಒಂದು ಆಧಾರ ಇದೆ. ನಮ್ಮಮ್ಮ. ಇನ್ನೊಂದು ಬೇಕು.”

“ಈಗಲೂ ಎರಡು ಬೇಕಾ ನಿಮಗೆ!”

“ಈಗ ಇನ್ನೂ ಜಾಸ್ತಿ ಬೇಕು.”

ಮಾರ್ಚ್ ನಾಲ್ಕರಂದು ‘ಈ ದಿನ, ಆ ವರ್ಷ’ದಲ್ಲಿ ಮೂರೇ ಘಟನೆಗಳಿದ್ದವು. ನಾಲ್ಕನೆಯದರ ಜಾಗದಲ್ಲಿ ಒಂದು ತಿದ್ದುಪಡಿ: ಮಾರ್ಚ್ ಹದಿನೆಂಟರ ಸೈಕಲ್ ಘಟನೆಗೆ ಆಧಾರವಿಲ್ಲ, ತಾರೀಕು ಅಂಕಣಕಾರ್ತಿ ಕಲ್ಪಿಸಿದ್ದು, ಆ ಸೈಕಲ್ ನಿಜಕ್ಕೂ ಅಂಚೆ ಡಬ್ಬಿಗೆ ಗುದ್ದಿತ್ತು, ತಪ್ಪು ಪೂರ್ತಿ ಅವಳದೇ, ಆ ಕಾಲದಲ್ಲಿ ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಹೆರಿಗೆ ನರ್ಸೊಬ್ಬರನ್ನು ಬಲ್ಲವರು ತಿಳಿಸಬೇಕು. ಊರಿಗೆ ಊರೇ ನಗುತ್ತದೆ, ಸಂಪಾದಕರು ರಾಜೀನಾಮೆ ಕೇಳುತ್ತಾರೆ ಎಂದು ತಾರೀಕಮ್ಮ ಮೇಜಿನ ಖಾನೆಯನ್ನು ಖಾಲಿ ಮಾಡಿಟ್ಟುಕೊಂಡು ಕೂತಳು. ಸಂಪಾದಕರು ಆ ಪುಟವನ್ನು ಓದಿರಲೇ ಇಲ್ಲ. ಇಡೀ ದಿನಕ್ಕೆ ಬಂದದ್ದು ಐದು ಫೋನು. ಮೂರು ಪದಬಂಧದ ತಪ್ಪಿನ ಬಗ್ಗೆ. ಒಂದು, ಹಾಳಾದ ಅಂಚೆ ಡಬ್ಬಿಯನ್ನು ಆಮೇಲೆ ಯಾರು ಸರಿಮಾಡಿಸಿದರು ಎಂದು. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ತನ್ನ ಮಾನವನ್ನು ಕಾಯುವ ತೊಂದರೆ ಬೇರೆ ಯಾರೂ ತೆಗೆದುಕೊಂಡಿರಲಿಲ್ಲ ಎಂದು ಅವಳಿಗೆ ಅಂದು ಖಚಿತವಾಯಿತು.

ಐದನೆಯ ಫೋನು ಒಬ್ಬ ಮುದುಕನದು, ನಿವೃತ್ತ ದರ್ಜಿ. “ನನ್ನನ್ನ ಈ ಲೋಕಕ್ಕೆ ತಂದದ್ದೇ ಆಕೆ” ಎಂದ. “ನಮ್ಮಪ್ಪ ಕರೆಯೋಕೆ ಓಡಿಹೋದ. ವಾಪಸ್ ಬರೋವಾಗ ಆಕೆ ಸೈಕಲ್ಲಲ್ಲಿ ಮುಂದೆ, ನಮ್ಮಪ್ಪ ಓಡ್ಕೊಂಡು ಹಿಂದೆ. ಅಪ್ಪ ಬರೋಷ್ಟರಲ್ಲಿ ನಾನು ಹುಟ್ಟಿಯಾಗಿತ್ತಂತೆ.”

“ಅದು ಯಾವ ವರ್ಷ, ಯಜಮಾನರೇ?”

“ಸಾವಿರದ ಒಂಬೈನೂರ ನಲವತ್ತೇಳು.”

ಎರಡು ಆಧಾರವಾಯಿತು. ಆದರೆ ಕಾರ್ಡು ಬರೆಯಲು ಕೂತಾಗ ತಾರೀಕಮ್ಮನ ಪೆನ್ನು ನಿಂತಿತು. ಯಾವ ದಿನದ ಖಾನೆಗೆ ಹಾಕುವುದು? ಒಂದೇ ಒಂದು ದಿನ ನಡೆದದ್ದಕ್ಕೆಲ್ಲ ಆ ಬೀರುವಿನಲ್ಲಿ ಜಾಗವಿತ್ತು. ದಿನವೂ ನಡೆದದ್ದನ್ನು ಇಡಲು ಮುನ್ನೂರ ಅರವತ್ತಾರರಲ್ಲಿ ಒಂದು ಖಾನೆಯೂ ಇರಲಿಲ್ಲ. ಚಿನ್ನದ ಪದಕದವಳಿಗೆ ಈ ಮಾತು ಹೊಳೆಯಲು ಮೂವತ್ತೊಂದು ವರ್ಷವೂ ಒಂದು ಅಂಚೆ ಡಬ್ಬಿಯೂ ಬೇಕಾದವು.

ಕಲ್ಲನ್ನು ವ್ಯರ್ಥ ಮಾಡಲಿಲ್ಲ. ತಿರುಗಿಸಿ ಹಿಂಬದಿಗೆ ಕೆತ್ತಿಸಿದರು: ‘ಹೆರಿಗೆ ಆಸ್ಪತ್ರೆಯ ನರ್ಸಮ್ಮ ಈ ಇಳಿಜಾರಿನಲ್ಲಿ ದಿನವೂ ಸೈಕಲ್ ಓಡಿಸುತ್ತಿದ್ದರು.’ ‘ಮೊದಲಿಗರು’ ಎಂದು ಸೇರಿಸೋಣ ಎಂದು ಅಂಗಡಿಯವಳು ಕೇಳಿದಳು. ತಾರೀಕಮ್ಮ ಒಪ್ಪಲಿಲ್ಲ, ಆ ಪದ ಬರೆದು ಒಮ್ಮೆ ಕೈ ಸುಟ್ಟುಕೊಂಡದ್ದು ಸಾಕಾಗಿತ್ತು. ಸುಳ್ಳು ತಾರೀಕಿನ ಮುಖ ಟ್ಯಾಂಕಿನ ಗೋಡೆಯ ಕಡೆಗೆ ಹೋಯಿತು. ಆ ಸಂದಿನಲ್ಲಿ ಕೈ ಹಾಕಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. ತಾರೀಕಮ್ಮ ಹಾಕಿ ನೋಡಿದ್ದಾಳೆ.

ಕಲ್ಲು ನಿಲ್ಲಿಸಿದ ದಿನ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಅವಳು ಕನ್ನಡಕದ ಕೆಳಭಾಗದಿಂದ ಕಲ್ಲನ್ನು ಓದಿ ಮುಖ ಗಂಟಿಕ್ಕಿದಳು.

“ನನ್ನ ಸುದ್ದಿಯೇ ಇಲ್ಲ ಇದರಲ್ಲಿ.”

“ನೀನು ಓಡಿಸಲಿಲ್ವಲ್ಲಮ್ಮ.”

“ಬಿದ್ದೆನಲ್ಲ! ಆಕೆ ಓಡಿಸಿದ್ದು ದಿನಾ. ನಾನು ಬಿದ್ದದ್ದು ಒಂದೇ ದಿನ. ನಿನ್ನ ಬೀರುವಿಗೆ ಸರಿಯಾಗಿ ಹೊಂದತ್ತೆ. ಹಾಕು.”

“ಆಧಾರ ಬೇಕಲ್ಲ.”

ತಾಯಿ ಸೀರೆಯನ್ನು ಒಂದು ಗೇಣು ಮೇಲೆತ್ತಿ ಮಂಡಿಯ ಮೇಲಿನ ಹಳೆಯ ಗಾಯದ ಕಲೆ ತೋರಿಸಿದಳು.

“ಒಂದೇ ಆಯ್ತು” ಎಂದಳು ತಾರೀಕಮ್ಮ. “ಎರಡನೇದು?”

ತಾಯಿ ಇನ್ನೊಂದು ಮಂಡಿಯನ್ನೂ ತೋರಿಸಿದಳು.