ಪ್ಲೈವುಡ್ ಅಂಗಡಿಯವರು ಹೇಳಿದ ಪಾಠ

ಕೃಷ್ಣರಾಜಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಪ್ಲೈವುಡ್ ಅಂಗಡಿ ಇಟ್ಟಿದ್ದ ಅವರು, ಯಾವ ಹಲಗೆ ಕೈಗೆತ್ತಿಕೊಂಡರೂ ಮೊದಲು ತಟ್ಟಿ ಕಿವಿಗೊಡುತ್ತಿದ್ದರು, ಆಮೇಲೆ ಅಂಚನ್ನು ಮೂಸುತ್ತಿದ್ದರು. "ಯಾವೂರಿಂದು ಅಂತ ಅದೇ ಯೋಳ್ತದೆ ಬುಡಿ" ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಕಾಲೇಜಿಗೆ ಅರ್ಥಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದೆ. ವಿದೇಶಿ ವ್ಯಾಪಾರದ ಪಾಠವೆಂದರೆ ಅರ್ಧ ತರಗತಿ ಕಿಟಕಿಯಾಚೆ ನೋಡುತ್ತಿತ್ತು. ಆ ಪಾಠ ಕೇಳಲು ತಾವೇ ಬರುವುದಾಗಿ ಪ್ರಿನ್ಸಿಪಾಲರು ಹೇಳಿದಾಗ, ಗಾಬರಿಯಲ್ಲಿ, ಹಲಗೆ ಯಾವ ದೇಶದ್ದೆಂದು ತಟ್ಟಿಯೇ ಹೇಳಬಲ್ಲ ಈ ಅಂಗಡಿಯವರನ್ನು ತರಗತಿಗೆ ಕರೆದೆ.

"ನಾನು ಕಾಲೇಜಿಗಾ, ಮೇಡಮ್ಮೋರೇ?" ಎಂದು ನಕ್ಕರು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲದ ತುಂಬ ಹಲಗೆ ತುಂಡುಗಳನ್ನು ತಂದರು.

ತರಗತಿಯ ಬಾಗಿಲಲ್ಲಿ ಅವರ ಕಾಲು ಹಿಂಜರಿಯಿತು. ಮೊದಲ ತುಂಡು ತಟ್ಟಿದ ಮೇಲೆ ಧೈರ್ಯ ಬಂತು.

"ಇದು ಇಂಡೋನೇಷ್ಯಾದ್ದು. ಅವ್ರು ದಿಮ್ಮಿನ ಅಂಗೇ ಮಾರಾಕಿಲ್ಲ, ಹಲಗೆ ಮಾಡಿ ಮಾರ್ತಾರೆ. ಕೆಲ್ಸ ಅವರ ಜನಕ್ಕೇ ಉಳೀತದೆ. ಮಲೇಷ್ಯಾದೋರು ಎರಡೂ ಮಾರ್ತಾರೆ. ಜಪಾನಿನೋರು ಇಬ್ಬರತ್ರಾನೂ ಕೊಳ್ತಾರೆ. ನಾವು ದಿಮ್ಮಿ ತರಿಸ್ಕೊಂಡು ಇಲ್ಲೇ ಹಲಗೆ ಮಾಡ್ತೀವಿ. ಇವ್ರಲ್ಲಿ ಯಾರು ಜಾಣ್ರು, ನೀವೇ ಯೋಳ್ರಪ್ಪ!"

ತರಗತಿ ಎರಡು ಪಕ್ಷವಾಗಿ ವಾದಕ್ಕಿಳಿಯಿತು. ತುಂಡುಗಳು ಬೆಂಚಿನಿಂದ ಬೆಂಚಿಗೆ ಹೋದವು, ಎಲ್ಲರೂ ಮೂಸಿ ನೋಡಿದರು. ಪ್ರಿನ್ಸಿಪಾಲರೂ ಒಂದನ್ನು ಕಿವಿಯ ಬಳಿ ಹಿಡಿದು ತಟ್ಟಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

"ಸಾರ್, ಇನ್ನೊಂದು ದೇಶದ್ದು ಹೇಳಿ ಸಾರ್" ಎಂದಳು ಚಿನಕುರಳಿಯಿಂದ ಬರುತ್ತಿದ್ದ ಹುಡುಗಿ.

ಅಂಗಡಿಯವರು ಥಟ್ಟನೆ ಪ್ರಿನ್ಸಿಪಾಲರತ್ತ ತಿರುಗಿ, ಉತ್ತರಕ್ಕಾಗಿ ಕಾದು ನಿಂತರು.

"ಅವಳು ಕೇಳ್ತಿರೋದು ನಿಮ್ಮನ್ನ ಕಣ್ರೀ" ಎಂದರು ಪ್ರಿನ್ಸಿಪಾಲರು.

ಅಂಗಡಿಯವರ ಮುಖವೆಲ್ಲ ನಗುವಾಯಿತು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಮತ್ತೆ ಚೀಲಕ್ಕೆ ಕೈಹಾಕಿದರು.