ಬೇರೆ ಗಾಡಿಯ ಚಕ್ರ

ನಮ್ಮ ಬೀದಿಯ ಚಕ್ರದ ಮೇಸ್ತ್ರಿಯ ಹತ್ತಿರ ಅವಸರದವರು ಹೋಗಲೇಬಾರದು. ಒಂದು ಕಂಪನಿಯ ಪಿಕಪ್ಪಿಗೆ ಇನ್ನೊಂದು ಕಂಪನಿಯ ಚಕ್ರ ಕೂರಿಸುವುದರಲ್ಲಿ ಆತ ಎತ್ತಿದ ಕೈ, ಆದರೆ ಆ ಕೈಗೆ ಆತುರವೆಂಬುದೇ ಗೊತ್ತಿಲ್ಲ. ಬೋಲ್ಟಿನ ತೂತುಗಳನ್ನು ಅಳೆದದ್ದನ್ನೇ ಅಳೆಯುತ್ತಾನೆ. ನಡುವಿನ ತೂತು ಕೂದಲೆಳೆಯಷ್ಟು ಸಡಿಲವೆನಿಸಿದರೂ ತಾನೇ ಲೇತಿನಲ್ಲಿ ಕಡೆದ ಉಂಗುರ ತೊಡಿಸುತ್ತಾನೆ. ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ಗಾಡಿಯಡಿ ಮಲಗಿ ಕಿವಿಗೊಡುತ್ತಾನೆ, ಅಲ್ಲೇ ನಿದ್ದೆಹೋದನೇನೋ ಎಂದು ನಾವು ಬಗ್ಗಿ ನೋಡುವಷ್ಟು ಹೊತ್ತು. "ಒಂದೇ ಸಲ ಬಿಗಿದುಬಿಡಿ ಮೇಸ್ತ್ರಿ" ಎಂದು ಗೊಣಗಿದರೆ ಉತ್ತರ ಸಿದ್ಧ: "ಬೇರೆ ಗಾಡೀದು ಸಾರ್. ಬಂದ ತಕ್ಷಣ ಬಿಗಿದ್ರೆ ಓರೆ ಕೂತ್ಕೊಳ್ಳುತ್ತೆ. ಎದುರುಬದುರು ನಟ್ಟು, ಸ್ವಲ್ಪ ಸ್ವಲ್ಪಾನೇ." ಬಿಗಿದ ಮೇಲೂ ಬಿಡುಗಡೆಯಿಲ್ಲ; ನಾಲ್ಕು ದಿನ ಓಡಿಸಿ ಬಂದು ಮತ್ತೆ ತೋರಿಸಬೇಕು. ಹೋದ ವರ್ಷ ಆತ ಮದುವೆಯಾದ. ಹೆಂಡತಿಯ ಜೊತೆ ಅವಳ ಮೊದಲ ಗಂಡನ ಮಗಳೂ ಮನೆಗೆ ಬಂದಳು. ಶಾಲೆ ಬಿಟ್ಟ ಮೇಲೆ ಹುಡುಗಿ ಅಂಗಡಿಯ ಮುಂದೆ ಬೀದಿಯಲ್ಲೇ ನಿಂತು, "ಅಂಕಲ್, ಮನೆ ಕೀ" ಎಂದು ಕೈ ಚಾಚುತ್ತಾಳೆ. ಒಳಗೆ ಬಾ ಎಂದು ಆತ ಒಮ್ಮೆಯೂ ಒತ್ತಾಯಿಸಿದವನಲ್ಲ. ಮಸಿ ಕೈ ಒರೆಸಿಕೊಂಡು ಕೀ ಕೊಡುತ್ತಾನೆ, ಅಷ್ಟೇ. ನಿನ್ನೆ ಕೀ ತೆಗೆದುಕೊಂಡವಳು ಹೋಗಲಿಲ್ಲ. ಒಳಗೆ ಬಂದು ಹಳೇ ಟೈರೊಂದರ ಮೇಲೆ ಕೂತಳು. "ಮಗಳಾ?" ಎಂದು ಗಿರಾಕಿಯೊಬ್ಬ ಕೇಳಿದ. "ಅವಳನ್ನೇ ಕೇಳಿ" ಎಂದ ಮೇಸ್ತ್ರಿ, ತಲೆಯೆತ್ತದೆ. "ಹೂಂ" ಎಂದಳು ಹುಡುಗಿ, ಕಾಲಾಡಿಸುತ್ತಾ. ಮೇಸ್ತ್ರಿ ಆಗಲೇ ಬಿಗಿದಾಗಿದ್ದ ನಟ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿ, ಬಹಳ ಹೊತ್ತು ಅಲ್ಲೇ ಬಗ್ಗಿದ್ದ.