ಹಿತ್ತಾಳೆ ಪಟ್ಟಿಯ ಮೇಲೊಂದು ಹೆಸರು

ಆ ಕಾರು ನಮ್ಮ ಮನೆಗೆ ಬಂದದ್ದು ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಅದೂ ತುಂಡು ತುಂಡಾಗಿ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಬರಿದಾಗಿ ಹೊರಟಿದ್ದ ಟ್ರ್ಯಾಕ್ಟರನ್ನು ಹಿಡಿದು, ಐದು ಕಟ್ಟಿಗೆ ಪೆಟ್ಟಿಗೆಗಳನ್ನೂ ಕಬ್ಬಿನ ಒಣ ಎಲೆಯ ರವದಿಯ ಮೇಲೆ ಬೋರಲು ಮಲಗಿಸಿದ ಒಂದು ದೊಡ್ಡ ಫೈಬರ್ ಚಿಪ್ಪನ್ನೂ ಹೇರಿಕೊಂಡು ನಮ್ಮ ಮನೆಯವರು ಮುಧೋಳದ ನಮ್ಮ ಓಣಿಯಲ್ಲಿ ಬಂದಿಳಿದರು. ಓಣಿಯವರು ಅದನ್ನು ನೀರಿನ ಟಾಕಿ ಎಂದುಕೊಂಡರು. ಅತ್ತೆಯವರು ದೋಣಿ ಎಂದುಕೊಂಡರು. ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ಕಡೆಯ ಊರುಗಳು ಎದ್ದು ಹೊಸ ಜಾಗಕ್ಕೆ ಹೋಗುತ್ತಿದ್ದ ವರ್ಷಗಳವು. ಎಲ್ಲರ ಬಾಯಲ್ಲೂ ನೀರಿನದೇ ಸುದ್ದಿ.

"ನೀರ ಇಲ್ಲೀತನಕ ಬರತೈತೇನಲೇ?" ಎಂದು ಅತ್ತೆ ಗಾಬರಿಯಿಂದ ಮಗನನ್ನು ಕೇಳಿದರು.

"ದೋಣಿ ಅಲ್ಲಬೇ ಯವ್ವಾ, ಕಾರು. ರೇಸಿನ ಕಾರು. ಎರಡ ಮಂದಿ ಕೂಡತಾರ ಇದರಾಗ."

"ಮನ್ಯಾಗ ನಾವು ಮೂರ ಮಂದಿ ಅದೇವಲ್ಲೋ," ಎಂದರು ಅತ್ತೆ.

ಇವರು ಅದೇ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಅಲ್ಲಿನ ಇಂಜಿನಿಯರ್ ಸಾಹೇಬರೊಬ್ಬರು ಯಾವುದೋ ಹಳೆಯ ವಿದೇಶಿ ರೇಸ್ ಕಾರಿನ ಪಡಿಯಚ್ಚನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಸಾಮಾನು ತರಿಸಿಟ್ಟುಕೊಂಡಿದ್ದರಂತೆ. ಪೆಟ್ಟಿಗೆಗಳ ಮೊಳೆ ಕೀಳುವ ಮೊದಲೇ ಅವರಿಗೆ ವರ್ಗವಾಯಿತು. ಹೋಗುವಾಗ, "ನಿನಗ ಕೈ ಐತಿ, ನೀ ಮಾಡ್ಕೋ," ಎಂದು ಇವರಿಗೆ ಕೊಟ್ಟು ಹೋದರು. ಕೈ ಇದ್ದದ್ದು ಖರೆ. ಆದರೆ ಸಾಮಾನಿನ ಜೊತೆ ಬಂದ ಪುಸ್ತಕ ನೂರಾ ಹನ್ನೆರಡು ಪುಟದ್ದು, ಅಷ್ಟೂ ಇಂಗ್ಲಿಷು. ಇವರು ಕನ್ನಡದಲ್ಲಿ ಓದಿ ಐಟಿಐ ಮುಗಿಸಿದವರು. ನಾನು ಸಾಲಿಯಲ್ಲಿ ಇಂಗ್ಲಿಷ್ ಕಲಿಸುವವಳು. ಹೀಗಾಗಿ ಆ ಪುಸ್ತಕ ನನ್ನ ಕೊರಳಿಗೆ ಬಿತ್ತು.

ಐದನೆಯ ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಅಂಗೈಗಿಂತ ಸಣ್ಣದೊಂದು ಹಿತ್ತಾಳೆ ಪಟ್ಟಿ ಇತ್ತು. ಮೇಲುಗಡೆ ಇಂಗ್ಲಿಷಿನಲ್ಲಿ 'ಕಟ್ಟಿದವರು' ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು. ಇದೇನೆಂದು ಪುಸ್ತಕದ ಕೊನೆಯ ಪುಟ ತೆಗೆದು ನೋಡಿದೆ. ಕಾರು ಪೂರ್ತಿಯಾಗಿ ಓಡಿದ ಮೇಲೆ ಅದನ್ನು ಕಟ್ಟಿದವರ ಹೆಸರನ್ನು ಈ ಪಟ್ಟಿಯ ಮೇಲೆ ಕೊರೆಸಿ ಸ್ಟೇರಿಂಗಿನ ಪಕ್ಕ ಕೂರಿಸಬೇಕು, ಅಲ್ಲಿಯವರೆಗೆ ಜೋಪಾನ, ಎಂದಿತ್ತು. ಇವರು ಪಟ್ಟಿಯನ್ನು ಅಂಗಿಗೆ ಉಜ್ಜಿ ಹೊಳಪು ಬರಿಸಿ ಟ್ರಂಕಿನಲ್ಲಿಟ್ಟರು. ನಾನು ಆವತ್ತು ನಕ್ಕುಬಿಟ್ಟೆ. ನಲವತ್ತನೆಯ ಪುಟ ದಾಟುವ ಹೊತ್ತಿಗೆ ಆ ಪಟ್ಟಿಯ ಮೇಲೆ ನನ್ನ ಹೆಸರೂ ಬೇಕು ಎಂಬ ಆಸೆ ನನ್ನಲ್ಲಿ ಕೂತುಬಿಟ್ಟಿತ್ತು.

ಇದರಲ್ಲೊಂದು ತೊಡಕಿತ್ತು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಗಂಡ ಹೇಳಿದರೆ ಏನಾಗುತ್ತದೆಂದು ಯಾರೂ ನನಗೆ ತಿಳಿಸಿಲ್ಲ, ಆದರೂ ಅವರೂ ಹೇಳುವುದಿಲ್ಲ. ನಾನು ಇವರಿಗೆ 'ರೀ'. ಇವರಿಗೆ ನಾನು 'ಏ, ಕೇಳಿಲ್ಲೆ', ಖುಷಿಯಲ್ಲಿದ್ದರೆ 'ಟೀಚರ'. ಓಣಿಯವರಿಗೆ ಫಿಟ್ಟರ ಮನೆಯವಳು, ಸಾಲಿಯ ಮಕ್ಕಳಿಗೆ ಅಕ್ಕೋರು. ಮದುವೆಯಾಗಿ ಒಂಬತ್ತು ವರ್ಷವಾದರೂ ಆ ಮನೆಯಲ್ಲಿ ನನ್ನ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ನನಗೂ ಅದೇನು ಕೊರತೆ ಅನ್ನಿಸಿರಲಿಲ್ಲ, ಆ ಹಾಳು ಪಟ್ಟಿ ಕಣ್ಣಿಗೆ ಬೀಳುವವರೆಗೆ.

ಕಬ್ಬು ನುರಿಸುವ ಹಂಗಾಮು ಶುರುವಾದರೆ ಫಿಟ್ಟರಿಗೆ ಊಟ ಮಾಡಲೂ ಪುರಸೊತ್ತಿರುವುದಿಲ್ಲ. ಹಂಗಾಮು ಮುಗಿದ ಮೇಲಿನ ಭಾನುವಾರಗಳು ನಮ್ಮವು. ಹಿತ್ತಲಿನಲ್ಲಿ ತಗಡಿನ ಪತ್ರಾಸಿನ ಚಪ್ಪರ ಹಾಕಿಸಿದೆವು. ಜಮಖಂಡಿಯ ಗ್ಯಾರೇಜಿನಲ್ಲಿ ಹಿಂಭಾಗ ಜಜ್ಜಿಹೋಗಿ ಬಿದ್ದಿದ್ದ ಹಳೆಯ ಕಾರೊಂದರ ಇಂಜಿನ್ನು, ಗೇರು, ಗಾಲಿ ಬಂದವು; ಪೆಟ್ಟಿಗೆಗಳಲ್ಲಿ ಇವು ಇರಲಿಲ್ಲ. ನಾನು ಕುರ್ಚಿ ಹಾಕಿಕೊಂಡು ಓದಿ ಕನ್ನಡದಲ್ಲಿ ಹೇಳುವುದು, ಇವರು ಕಾರಿನ ಕೆಳಗೆ ಮಲಗಿ "ಹೂಂ" ಎನ್ನುವುದು. ಎಷ್ಟೋ ಭಾನುವಾರ ನಾನು ನೋಡಿದ್ದು ಇವರ ಎರಡು ಪಾದಗಳನ್ನು ಮಾತ್ರ. ಆ ಪಾದಗಳಿಗೆ ಪಾಠ ಹೇಳಿ ಹೇಳಿ ಬ್ರೇಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ನಳಿಗೆಯಲ್ಲಿ ಏನು ಹರಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು.

ಜಗಳ ಆದದ್ದು ಫೈಬರ್ ಮೈಯನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ ದಿನ. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೋಲ್ಟುಗಳನ್ನು ಎರಡು ಬೆರಳಿನಿಂದ ಎಷ್ಟು ತಿರುಗುತ್ತವೋ ಅಷ್ಟೇ ತಿರುಗಿಸಬೇಕು, ಪಾನಾ, ಅಂದರೆ ಸ್ಪ್ಯಾನರ್, ಹಚ್ಚಬಾರದು. ನಾನು ಎರಡು ಸಲ ಓದಿ ಹೇಳಿದೆ.

"ಎರಡ ಬೆರಳಲೆ ತಿರುವಿದ್ದು ನಿಲ್ಲತೈತೇನ? ಇದೇನ ಉಪ್ಪಿನಕಾಯಿ ಬರಣಿ ಮುಚ್ಚಳಾನ?" ಎಂದರು ಇವರು.

ಕಬ್ಬು ಅರೆಯುವ ಗಾಣದ ಬೋಲ್ಟುಗಳನ್ನು ಜೋತುಬಿದ್ದು ಬಿಗಿ ಮಾಡಿದ ಮನುಷ್ಯ. ಪಾನಾ ಹಚ್ಚಿದ್ದಷ್ಟೇ ಅಲ್ಲ, ಅದರ ಹಿಡಿಕೆಗೆ ಒಂದು ಪೈಪು ತೂರಿಸಿ ಜಗ್ಗಿದರು. ಮೂರನೆಯ ಬೋಲ್ಟಿಗೆ 'ಚರ್' ಎಂದಿತು. ಹಿಂದಿನ ಗಾಲಿಯ ಮೇಲಿನಿಂದ ದೀಪದ ತೂತಿನವರೆಗೆ ಬಿರುಕು. ಇವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೀ ಬರಾಬರಿ ಓದಿಲ್ಲ," ಎಂದರು.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಪುಸ್ತಕ ಮುಚ್ಚಿ ಇವರ ಪಕ್ಕದಲ್ಲಿಟ್ಟೆ. "ಇನ್ನ ನೀವ ಓದ್ಕೋರಿ. ಬರಾಬರಿ ಓದ್ರಿ," ಎಂದು ಒಳಗೆ ಹೋದೆ. ಹೋಗಿ ಅತ್ತಿದ್ದೂ ಉಂಟು, ಅದನ್ನು ಮುಚ್ಚಿಡುವುದೇಕೆ. ಒಡೆದ ಕಾರಿಗಾಗಿ ಅತ್ತೆನೋ ಆ ಮಾತಿಗಾಗಿ ಅತ್ತೆನೋ ಎಂದರೆ, ಪಟ್ಟಿಗಾಗಿ ಅತ್ತೆ. ಅದರ ಮೇಲೆ ನನ್ನ ಹೆಸರಿನ ಆಸೆ ಆವತ್ತಿಗೆ ಮುಗಿಯಿತು ಎಂದುಕೊಂಡೆ.

ಒಂದು ಹಂಗಾಮು ಪೂರ್ತಿ ನಾವು ಕಾರಿನ ಮಾತೇ ಆಡಲಿಲ್ಲ. ಅದು ಮುಗಿದ ಮೇಲೆ ಇವರು ಒಬ್ಬರೇ ಹಿತ್ತಲಿಗೆ ಹೋಗತೊಡಗಿದರು. ಪುಸ್ತಕದ ಚಿತ್ರಗಳನ್ನು ನೋಡಿ ನೋಡಿ ಜೋಡಿಸುತ್ತಿದ್ದರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಣಿಕಿ ನೋಡುತ್ತಿದ್ದೆ. ಅತ್ತೆಯವರಿಗೆ ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ. "ಚಾ ಬೇಕಂತ," ಎಂದು ಬರುವರು, "ಇಟ್ಟೇನಂತ," ಎಂದು ಹೋಗುವರು.

ಒಂದು ಬೆಳಿಗ್ಗೆ ಸ್ಟೇರಿಂಗ್ ಕೂರಿಸಿ ಮುಗಿಯಿತು. ಇಂಜಿನ್ನು ಇನ್ನೂ ಏರಿಸಿರಲಿಲ್ಲ. ಓಣಿಯ ಇಳಿಜಾರಿನಲ್ಲಿ ಹಾಗೇ ಉರುಳಿಸಿ ನೋಡೋಣ ಎಂದರು. ಕಾರ್ಖಾನೆಯ ನಾಲ್ಕು ಜನ ಗೆಳೆಯರು ಹಿಂದಿನಿಂದ ದಬ್ಬಿದರು. ಕಾರು ಚೆನ್ನಾಗಿಯೇ ಹೊರಟಿತು. ಎಡಗಡೆ ನೆರೆಮನೆಯವರ ಎಮ್ಮೆಯ ಮೇವಿನ ಕಣಕಿ, ಜೋಳದ ಒಣ ದಂಟು, ಒಟ್ಟಿತ್ತು. ಅದನ್ನು ತಪ್ಪಿಸಲು ಇವರು ಬಲಕ್ಕೆ ತಿರುವಿದರು. ಕಾರು ಎಡಕ್ಕೆ ಹೋಯಿತು. ಇವರು ಇನ್ನಷ್ಟು ಬಲಕ್ಕೆ ತಿರುವಿದರು. ಕಾರು ಇನ್ನಷ್ಟು ಎಡಕ್ಕೆ ಹೋಗಿ, ಇವರ ಸಮೇತ ಕಣಕಿಯೊಳಗೆ ಹೊಕ್ಕಿತು. ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅತ್ತೆಯವರು ಕಟ್ಟೆಯ ಮೇಲೆ ನಿಂತು, "ಗಾಡಿಗೆ ಹೊಟ್ಟಿನ ಇಲ್ಲ, ಮುಧೋಳದ ಬ್ಯಾಟಿ ನಾಯಿ ಇದ್ದಂಗ ಐತಿ ಅಂತ ತಿಳಕೊಂಡಿದ್ನಿ. ನಾಯಿಗೆ ದಾರಿ ಗೊತ್ತಿರತೈತಿ," ಎಂದರು.

ನಾನು ಅಡುಗೆಮನೆಗೆ ಓಡಿ ನಕ್ಕೆ. ಸ್ವಲ್ಪ ಹೊತ್ತಿಗೆ ತಲೆತುಂಬ ಕಣಕಿಯ ಚೂರು ಸಿಕ್ಕಿಸಿಕೊಂಡು ಇವರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಪುಸ್ತಕ.

"ಟೀಚರ, ಎಪ್ಪತ್ತೊಂದನೇ ಪೇಜ್ ಒಂದೀಟ ನೋಡ್ತಿ?"

ನಾನು ರೊಟ್ಟಿ ಬಡಿಯುತ್ತಿದ್ದೆ. ಉಳಿದ ಎಂಟೂ ರೊಟ್ಟಿ ಮುಗಿಯುವವರೆಗೆ ಇವರನ್ನು ಅಲ್ಲೇ ನಿಲ್ಲಿಸಿದೆ. ಆಮೇಲೆ ಕೈತೊಳೆದು ಓದಿದೆ. ಸ್ಟೇರಿಂಗಿನ ಅಡ್ಡಪಟ್ಟಿಯಲ್ಲಿ ಗುರುತು ಇರುವ ಬದಿ ಮೇಲೆ ಬರಬೇಕು. ಚಿತ್ರವನ್ನು ಕೆಳಗಿನಿಂದ ನೋಡಿದಂತೆ ಬರೆಯಲಾಗಿದೆ, ಹುಷಾರು. ಇವರು ಅದನ್ನು ತಲೆಕೆಳಗಾಗಿ ಹಾಕಿದ್ದರು.

"ಇದನ್ನ ಮೊದಲ ಓದಬೇಕಾಗಿತ್ತು," ಎಂದರು.

"ಓದಾಕಿ ಇದ್ದೆ. ಕೇಳಾವ್ರ ಇರಲಿಲ್ಲ."

ಇವರು ತಲೆ ಕೆರೆದುಕೊಂಡರು. ಮುಂದಿನ ಭಾನುವಾರ ನನ್ನ ಕುರ್ಚಿ ಮತ್ತೆ ಚಪ್ಪರದ ಕೆಳಗೆ ಬಂತು. ಯಾರು ತಂದಿಟ್ಟರೆಂದು ನಾನು ಕೇಳಲಿಲ್ಲ.

ಮುಂದಿನ ವರ್ಷದ ಬಿಡುವಿನಲ್ಲಿ ನಾನು ಓದುವುದಷ್ಟೇ ಮಾಡಲಿಲ್ಲ. ಬಿರುಕಿಗೆ ತೇಪೆ ಹಾಕಿ ಪಾಲಿಶ್ ಕಾಗದದಿಂದ ಮೈಯೆಲ್ಲ ಉಜ್ಜಿದವಳು ನಾನೇ. ಫೈಬರ್ ಪುಡಿ ಮೈಗೆ ಹತ್ತಿ ವಾರಗಟ್ಟಲೆ ತುರಿಸಿತು, ಅತ್ತೆ ಬೈಯುತ್ತ ಕೊಬ್ಬರಿ ಎಣ್ಣೆ ಹಚ್ಚಿದರು. ವೈರುಗಳ ಕೆಲಸ ಪೂರ್ತಿ ನನ್ನದು. ಬಣ್ಣಬಣ್ಣದ ಆ ನಕಾಶೆ ಇವರಿಗೆ ಕೊನೆಗೂ ಬಗೆಹರಿಯಲಿಲ್ಲ. ನಾನು ಗುಂಡಿ ಒತ್ತಿದಾಗ ಎರಡೂ ದೀಪ ಹೊತ್ತಿಕೊಂಡವು. ಆಗ ಇವರು ಇಡೀ ಓಣಿಗೆ ಕೇಳುವಂತೆ, "ಆತು! ಬಂತು!" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಸಾರಿಗೆ ಕಚೇರಿಯ ಕಾಗದಪತ್ರಗಳ ಕತೆ ಬರೆಯಲು ಹೋದರೆ ಇನ್ನೊಂದು ಪುಸ್ತಕವಾಗುತ್ತದೆ, ಬಿಟ್ಟುಬಿಡುತ್ತೇನೆ. ಕೆಂಪು ಬಣ್ಣ ಬಳಿಸಿಕೊಂಡು ಕಾರು ಒಂದು ದಿನ ಸಮೀರವಾಡಿ ರಸ್ತೆಗಿಳಿಯಿತು. ನಾನು ಎಡಗಡೆ, ಇವರು ಬಲಗಡೆ. ಕಾರಿನ ಹೊಟ್ಟೆ ನೆಲದಿಂದ ನಾಲ್ಕೇ ಬೆರಳು ಮೇಲೆ. ನಮ್ಮ ಕಡೆಯ ರಸ್ತೆಯ ಹಂಪುಗಳೋ ಒಂದೊಂದೂ ಒಂದು ಒಡ್ಡು. ಹಂಪು ಬಂದಾಗೊಮ್ಮೆ ಭಾರ ಕಡಿಮೆ ಮಾಡಲು ನಾನು ಇಳಿಯಬೇಕು, ಇವರು ಓರೆಯಾಗಿ ದಾಟಿಸಬೇಕು, ನಾನು ಮತ್ತೆ ಹತ್ತಬೇಕು. ಎತ್ತಿನ ಗಾಡಿಯವರು ನಮ್ಮನ್ನು ದಾಟಿಕೊಂಡು ಹೋದರು. ಮರಳುವಾಗ ಸ್ಟೇರಿಂಗ್ ನಾನು ಹಿಡಿದೆ, ಇಳಿದು ಹತ್ತುವ ಕೆಲಸ ಇವರಿಗೆ ಬಿಟ್ಟೆ.

ಮರಳುವ ಮೊದಲು ಕಾರ್ಖಾನೆಯ ಗೇಟಿನಲ್ಲಿ ಜನ ಮುತ್ತಿಕೊಂಡಿದ್ದರು. "ಏನ ಗಾಡಿ ಮಾಡೀರಿ ಫಿಟ್ಟರ! ಒಬ್ಬರ ಮಾಡಿದ್ರ್ಯಾ?" ಎಂದು ಒಬ್ಬರು. ಹಿತ್ತಾಳೆ ಪಟ್ಟಿಯ ಸುದ್ದಿ ಅಲ್ಲೆಲ್ಲ ಗೊತ್ತಿತ್ತು. "ಹೆಸರ ದಪ್ಪಗ ಕೊರಸ್ರಿ ಮತ್ತ," ಎಂದು ಇನ್ನೊಬ್ಬರು. ಇವರು, "ಹೂಂ, ಕೊರಸೂದೈತಿ," ಎಂದರು. ನನ್ನ ಕಡೆ ನೋಡಲಿಲ್ಲ. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿ ಹಾಕಿಸಿಕೊಂಡ ಹೆಸರು ನನಗೆ ಬೇಡವಾಗಿತ್ತು. ಇವರಿಗೆ ತಾವಾಗಿ ಹೊಳೆಯಬೇಕು, ಇಲ್ಲದಿದ್ದರೆ ಇಲ್ಲ.

ಅದೇ ತಿಂಗಳು ನಾದಿನಿಯ ಮಗಳ ಮದುವೆ ಬಂತು. ಆಹೇರಿಗೆ, ಅಂದರೆ ಮದುವೆಯ ಉಡುಗೊರೆಗೆ, ಭಾಂಡೆ-ಪಾತ್ರೆ ಕೊಳ್ಳಲು ಮೂವರೂ ಜಮಖಂಡಿಗೆ ಹೋದೆವು, ಬಸ್ಸಿನಲ್ಲಿ. ಭಾಂಡೆ ಅಂಗಡಿಯ ಮೂಲೆಯಲ್ಲಿ ಒಬ್ಬ ಕೂತು ಕರೆಂಟಿನ ಮೊನೆಯಿಂದ 'ಗುರ್ರ್' ಎಂದು ತಂಬಿಗೆ, ಪರಾತಗಳ ಮೇಲೆ ಹೆಸರು ಬರೆಯುತ್ತಿದ್ದ. ಕೊಡುವವರ ಹೆಸರಿಲ್ಲದೆ ನಮ್ಮ ಕಡೆ ಒಂದು ಚಮಚವೂ ಆಹೇರಿಗೆ ಹೋಗುವುದಿಲ್ಲ. ನಮ್ಮ ಕೊಡಕ್ಕೆ ಬರೆದು ಮುಗಿಸಿದ ಮೇಲೆ ಇವರು ಅಂಗಿಯ ಕಿಸೆಯಿಂದ ಹಿತ್ತಾಳೆ ಪಟ್ಟಿ ತೆಗೆದು ಅವನ ಮುಂದಿಟ್ಟರು. ನಾನು ಸ್ಟೀಲ್ ಡಬ್ಬಿಗಳನ್ನು ಎಣಿಸುವವಳಂತೆ ಆ ಕಡೆ ತಿರುಗಿದೆ.

"ಏನಂತ ಬರೀಲಿ?" ಎಂದ ಅವನು.

ಇವರು ಸುತ್ತ ನೋಡಿದರು. ಅಂಗಡಿಯ ತುಂಬ ಮದುವೆಯ ಜನ. ಅವನು ಮೊನೆಯನ್ನು ಎತ್ತಿ ಹಿಡಿದು ಮತ್ತೆ ಕೇಳಿದ. ಇವರು ಒಮ್ಮೆ ಕೆಮ್ಮಿದರು. ಆಮೇಲೆ ನನ್ನ ಹೆಸರು ಹೇಳಿದರು. 'ಟೀಚರ' ಅಲ್ಲ, 'ಅಕ್ಕೋರು' ಅಲ್ಲ. ನನ್ನ ಹೆಸರು, ಅಷ್ಟು ಜನರ ಎದುರು, ತಮ್ಮ ತಾಯಿಯ ಎದುರು. ಇವರ ದನಿಯಲ್ಲಿ ಅದನ್ನು ನಾನು ಮೊದಲ ಸಲ ಕೇಳಿದೆ. ಕಿವಿಯವರೆಗೂ ಕೆಂಪಾಗಿದ್ದರು.

"ನಿಮ್ಮದ್ರೀ?" ಎಂದ ಅವನು.

"ನಂದ ಬ್ಯಾಡ. ನಾ ಮಾಡಿದ್ದೆಲ್ಲಾ ಎರಡೆರಡ ಸಲ ಮಾಡೇನಿ. ಇಕಿ ಹೇಳಿದಂಗ ಕೇಳಿದ್ರ ಒಂದ ಸಲಕ್ಕ ಆಗತಿತ್ತು."

ಮೂರು ವರ್ಷದ ಸಿಟ್ಟು ಎಲ್ಲಿ ಹೋಯಿತೋ. ನನಗೆ ಬೇಕಾಗಿದ್ದದ್ದು ಅದೇ, ಆದರೆ ಹೀಗೆ ಒಂಟಿಯಾಗಿ ಬೇಕಾಗಿರಲಿಲ್ಲ. ಆ ಕಾರಿನ ಕೆಳಗೆ ಮೂರು ಬೇಸಿಗೆ ಮಲಗಿದ್ದ ಪಾದಗಳನ್ನು ನಾನು ನೋಡಿದ್ದೆ.

"ತಡೀರಿ," ಎಂದೆ. "ಇನ್ನೊಂದ ಹೆಸರ ಐತಿ. ಎರಡೂ ಹಿಡಸ್ರಿ."

"ಹಿಡಸ್ತೇನ್ರಿ. ಹೇಳ್ರಿ ಅಕ್ಕಾರ. ಒಡಪ ಹಾಕಿ ಹೇಳ್ರಿ, ಮಂದಿನೂ ಕೇಳಲಿ," ಎಂದು ಅವನು ನಕ್ಕ. ಗಂಡನ ಹೆಸರನ್ನು ಹೇಳಲೇಬೇಕಾದರೆ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಮುಚ್ಚಿಟ್ಟು ಹೇಳುವುದು ನಮ್ಮ ಹೆಂಗಸರ ರೂಢಿ. ಅದಕ್ಕೆ ಒಡಪು ಎನ್ನುತ್ತೇವೆ. ಮದುವೆಯಲ್ಲಿ ಒಂದಕ್ಕೆ ಮೂರು ಒಡಪು ಹೇಳಿದವಳು ನಾನು. ಈಗ ಒಂದೂ ನೆನಪಾಗಲಿಲ್ಲ, ಕಟ್ಟಲು ತಾಳ್ಮೆಯೂ ಇರಲಿಲ್ಲ. ಪ್ರಾಸವಿಲ್ಲದೆ, ಮುಂದೆ ಹಿಂದೆ ಏನೂ ಸೇರಿಸದೆ, ಇವರ ಹೆಸರನ್ನು ಹೇಳಿಬಿಟ್ಟೆ.

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ನಗುವಿಗೆ ಅವರ ಬೆನ್ನು ಅಲುಗುತ್ತಿತ್ತು. ಮೂಲೆಯವನು ಆಗಲೇ ತಲೆತಗ್ಗಿಸಿ ಬರೆಯತೊಡಗಿದ್ದ. ಇವರು ಒಂದು ಹೆಜ್ಜೆ ನನ್ನ ಹತ್ತಿರ ಬಂದರು.

"ಇನ್ನೊಮ್ಮಿ ಹೇಳು," ಎಂದರು ಸಣ್ಣ ದನಿಯಲ್ಲಿ.

"ಯಾಕ?" ಎಂದೆ. "ಬರ್ಯಾಕತ್ತಾನಲ್ಲ, ಓದ್ಕೋರಿ."